ಶಾಲು ಹೊದಿಸೋಕೆ ಮುಂಚೆ ಲೆಕ್ಕ ಚುಕ್ತಾ ಮಾಡಿ: ಚರ್ಚ್ ಆಫೀಸ್ ಸೆಕ್ರೆಟರಿಯೊಬ್ಬರ ನಿವೃತ್ತಿ, ಒಂದು ಪ್ರಕರಣ

ಇದು ಹಳೇ ಮೈಸೂರು ಸೀಮೆಯ ಒಂದು ಊರಿನ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಲ್ಲಿ ನಡೆದಿದ್ದು, ಕೋವಿಡ್ ಗಲಾಟೆ ಎಲ್ಲಾ ಮುಗಿದ ಮೇಲೆ. ಊರಿನ ಹೆಸರು, ಜನರ ಹೆಸರು ಯಾವುದೂ ಹಾಕ್ತಿಲ್ಲ, ಮುಖ್ಯವಾಗಿ ಆಗ ರಿಟೈರ್ ಆದ ಆಫೀಸ್ ಸೆಕ್ರೆಟರಿ ಆಂಟಿಗೇ ಅದು ಇಷ್ಟ ಆಗಲ್ಲ. ನಾನು ಆಗ ಪಾಸ್ಟರೇಟ್ ಕಮಿಟೀಲಿ (ಸಭೆಯ, ಅಂದ್ರೆ ಚರ್ಚಿಗೆ ಸೇರಿದ ಜನರ, ಆಡಳಿತ ನೋಡ್ಕೊಳ್ಳೋ ಕಮಿಟಿ) ಇದ್ದೆ, ಹಾಗಾಗಿ ಮೀಟಿಂಗಲ್ಲಿ ಯಾರು ಏನಂದ್ರು, ದುಡ್ಡು ಎಲ್ಲಿಂದ ಬಂತು ಅನ್ನೋದೆಲ್ಲಾ ನೋಡಿದೀನಿ. ನಮ್ಮ ಕಡೆ ಯಾರಾದ್ರೂ ಬಹಳ ವರ್ಷ ದುಡಿದು ರಿಟೈರ್ ಆದ್ರೆ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಒಂದು ಫೋಟೋ, ಅಲ್ಲಿಗೆ ಮುಗೀತು. ಮಾಡ್ಬೇಡಿ ಅಂತ ಹೇಳ್ತಿಲ್ಲ, ಖಂಡಿತಾ ಮಾಡಿ, ಆದ್ರೆ ಅವರಿಗೆ ಕೊಡಬೇಕಾಗಿರೋ ಬಾಕಿ ಕೊಡದೆ ಹಾರ ಹಾಕಿದ್ರೆ ಅದು ಸನ್ಮಾನ ಅಲ್ಲ ಅನ್ನೋದು ನನ್ನ ಖಡಕ್ ಅಭಿಪ್ರಾಯ, ಈ ಕೇಸ್ ನೋಡಿದ ಮೇಲಂತೂ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಮ್ಮದು ಮೂಲತಃ ವೆಸ್ಲಿಯನ್ ಮಿಷನ್ (ಇಂಗ್ಲೆಂಡಿನ ಮೆಥಡಿಸ್ಟ್ ಮಿಷನರಿಗಳು) ಕಟ್ಟಿದ ಚರ್ಚು, ಮೈಸೂರು ಸೀಮೆಯ ಬಹಳಷ್ಟು ಕನ್ನಡ ಚರ್ಚುಗಳ ಥರ. 1947ರ ಸೆಪ್ಟೆಂಬರ್ 27ಕ್ಕೆ ಸಿ.ಎಸ್.ಐ. ಶುರು ಆದಾಗ ನಾವೂ ಅದರೊಳಗೆ ಹೋದ್ವಿ. ಈಗ ಮುನ್ನೂರೈವತ್ತರ ಹತ್ರ ಕುಟುಂಬ, ಒಂದು ಹಾಲ್, ಒಂದು ಹಳೇ ಸಮಾಧಿ ಸ್ಥಳ. ಸಂಬಳಕ್ಕೆ ಇರೋರು ನಾಲ್ಕೇ ಜನ: ಆಫೀಸ್ ಸೆಕ್ರೆಟರಿ, ಗಂಟೆ ಹೊಡೆದು ಗುಡಿಸಿ ಸಾರಿಸೋ ಅಣ್ಣ, ವಾಚ್‌ಮನ್, ಆಮೇಲೆ ಅರ್ಧ ಸಂಬಳದ ಆರ್ಗನಿಸ್ಟ್.

ಹೊರಗಿನವರಿಗೆ ಒಂದು ಗೊಂದಲ ಆಗುತ್ತೆ, ಅದನ್ನ ಈಗಲೇ ಬಿಡಿಸಿಬಿಡ್ತೀನಿ. ನಮ್ಮಲ್ಲಿ ‘ಸೆಕ್ರೆಟರಿ’ ಅಂದ್ರೆ ಇಬ್ರು. ಒಬ್ರು ಎಲೆಕ್ಷನ್‌ನಲ್ಲಿ ಗೆದ್ದು ಬರೋ ಕಮಿಟಿ ಸೆಕ್ರೆಟರಿ, ಸಂಬಳ ಇಲ್ಲ, ಪದವಿ ಇದೆ, ಸ್ಟೇಜ್ ಮೇಲೆ ಕುರ್ಚಿ ಇದೆ. ಇನ್ನೊಬ್ರು ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಆಫೀಸ್ ಬೀಗ ತೆಗೆಯೋರು. ಚರ್ಚ್ ಬಾಗಿಲಲ್ಲಿ ಒಂದು ಮರದ ಬೋರ್ಡ್ ಇದೆ, ಇದುವರೆಗಿನ ಎಲ್ಲಾ ಸಭಾಪಾಲಕರ (ಪಾದ್ರಿಗಳು, ನಾವು ಅಯ್ಯನವರು ಅನ್ನೋದು) ಹೆಸರು, ಎಲ್ಲಾ ಕಮಿಟಿ ಸೆಕ್ರೆಟರಿಗಳ ಹೆಸರು, ಇಸವಿ ಸಮೇತ ಬಿಳೀ ಪೇಂಟಲ್ಲಿ ಬರೆಸಿರೋದು. ಪ್ರತೀ ಸಲ ಪೇಂಟರ್‌ನ ಕರೆಸಿ, ಕಾಗುಣಿತ ಚೆಕ್ ಮಾಡಿ, ಬರೆಸ್ತಿದ್ದೋರು ಆಂಟಿ. ಆ ಬೋರ್ಡಲ್ಲಿ ಅವರ ಹೆಸರು ಬರೋ ಜಾಗಾನೇ ಇರಲಿಲ್ಲ.

ಆಂಟಿ ಸೇರಿದ್ದು ಟೈಪಿಸ್ಟ್ ಆಗಿ, ಮೂರು ತಿಂಗಳ ಟೆಂಪರರಿ ಕೆಲಸಕ್ಕೆ. ಕನ್ನಡ ಟೈಪಿಂಗ್ ಸೀನಿಯರ್ ಪಾಸ್ ಆಗಿತ್ತು, ಆಗಿನ ಅಯ್ಯನವರಿಗೆ ಅಷ್ಟೇ ಬೇಕಿತ್ತು. ಸಂಬಳ ತಿಂಗಳಿಗೆ 600 ರೂಪಾಯಿ, ವೋಚರಲ್ಲಿ ‘ಗೌರವಧನ’ ಅಂತ ಬರೆದಿದ್ರು. ಮೂರು ತಿಂಗಳು ಮೂವತ್ತೊಂದು ವರ್ಷ ಆಯ್ತು, ಗೌರವಧನ ಗೌರವಧನವಾಗೇ ಉಳೀತು. ಈ ಒಂದು ಪದದ ಮೇಲೇ ಮುಂದೆ ಇಡೀ ಜಗಳ ನಿಂತಿದ್ದು.

ಅವರು ಮಾಡ್ತಿದ್ದ ಕೆಲಸ ಎಷ್ಟು ಅಂತ ಕೇಳಿದ್ರೆ ಯಾರಿಗೂ ಪೂರ್ತಿ ಹೇಳೋಕಾಗ್ತಿರಲಿಲ್ಲ, ಅದೂ ಒಂದು ಸಮಸ್ಯೇನೇ. ಮೊದಲು ಸ್ಟೆನ್ಸಿಲ್ ಕಟ್ ಮಾಡಿ ಸೈಕ್ಲೋಸ್ಟೈಲ್‌ನಲ್ಲಿ ಸಭಾ ಪತ್ರಿಕೆ ತೆಗೀತಿದ್ರು, ಕೈಯೆಲ್ಲಾ ಇಂಕು. ಆಮೇಲೆ ಕಂಪ್ಯೂಟರ್ ಬಂತು, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಕಲಿತ್ರು. ಕಾಣಿಕೆ ಲೆಕ್ಕ, ಚಂದಾ ರಸೀದಿ, ಮದುವೆ ಪ್ರಕಟಣೆ (ಇಂಥವರ ಮದುವೆ ಇದೆ, ತಕರಾರಿದ್ರೆ ಹೇಳಿ ಅಂತ) ಮೂರು ಭಾನುವಾರ ಸರಿಯಾಗಿ ಓದಿಸೋದು, ಹಾಲ್ ಬುಕಿಂಗ್, ಬಿಷಪ್ ಆಫೀಸಿಗೆ ರಿಪೋರ್ಟು, ಗುಡ್ ಫ್ರೈಡೇಗೆ ಯೇಸು ಶಿಲುಬೆ ಮೇಲೆ ಆಡಿದ ಏಳು ಮಾತಿನ ಬಗ್ಗೆ ಮಾತಾಡೋಕೆ ಏಳು ಜನ ಹುಡುಕೋದು (ಕೊನೇ ಗಳಿಗೇಲಿ ಒಬ್ರು ಕೈ ಕೊಡೋದು ಗ್ಯಾರಂಟಿ), ಕ್ರಿಸ್‌ಮಸ್ ಕ್ಯಾರಲ್ಸ್ ಯಾವ ಬೀದಿಗೆ ಯಾವತ್ತು ಅನ್ನೋ ಪಟ್ಟಿ, ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಪೊಲೀಸ್ ಸ್ಟೇಷನ್‌ಗೆ ಲೆಟರ್. ಇವೆಲ್ಲಾ ಕಣ್ಣಿಗೆ ಕಾಣೋ ಕೆಲಸ.

ಕಾಣದೇ ಇರೋದು ರಿಜಿಸ್ಟರ್ ಕೆಲಸ. ಒಂದು ಉದಾಹರಣೆ ಹೇಳ್ತೀನಿ, ನಾನು ಪಕ್ಕದಲ್ಲೇ ಕೂತು ನೋಡಿದ್ದು. ಗಲ್ಫಲ್ಲಿ ಇರೋ ಒಬ್ಬ ಹುಡುಗ ರಜಕ್ಕೆ ಬಂದಿದ್ದ, ಅವನ ತಾತನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಸರ್ಟಿಫಿಕೇಟು ಬೇಕು, ಜಮೀನಿನ ಖಾತೆ ವಿಚಾರಕ್ಕೆ. ತಾತನ ಹೆಸರು ಆಧಾರಲ್ಲಿ ಜಾನ್, ನಮ್ಮ ರಿಜಿಸ್ಟರಲ್ಲಿ ಆ ಇಸವಿಗೆ ಜಾನ್ ಅನ್ನೋರೇ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ‘ಇಲ್ಲಪ್ಪ’ ಅಂತ ಕಳಿಸ್ತಿದ್ರು. ಆಂಟಿ ಎದ್ದು ಕುಟುಂಬದ ಪಟ್ಟಿ ತೆಗೆದ್ರು, ಅಲ್ಲಿಂದ ಅಜ್ಜಿ ಹೆಸರು ಹಿಡಿದು ಮದುವೆ ರಿಜಿಸ್ಟರ್‌ಗೆ ಹೋದ್ರು, ಅಲ್ಲಿ ವರನ ಅಪ್ಪನ ಹೆಸರು ಸಿಕ್ತು, ಆ ಅಪ್ಪನ ಹೆಸರಿಟ್ಟುಕೊಂಡು ಮತ್ತೆ ದೀಕ್ಷಾಸ್ನಾನದ ರಿಜಿಸ್ಟರಿಗೆ ಬಂದ್ರು, ಅಲ್ಲಿ ಇದ್ದಿದ್ದು ‘ಯೋಹಾನ’. ಹುಡುಗ ಖುಷಿಯಾಗಿ ‘ಆಂಟಿ ಹಾಗೇ ಜಾನ್ ಅಂತ ಬರೆದುಬಿಡಿ’ ಅಂದ. ಆಂಟಿ ಕನ್ನಡಕದ ಮೇಲಿಂದ ನೋಡಿ, ‘ರಿಜಿಸ್ಟರಲ್ಲಿ ಏನಿದೆಯೋ ಅದೇ ಬರ್ಯೋದು ಮಗಾ, ಇಬ್ರೂ ಒಬ್ರೇ ಅಂತ ಅಯ್ಯನವರ ಹತ್ರ ಬೇರೆ ಲೆಟರ್ ಮಾಡಿಸಿಕೊಡ್ತೀನಿ’ ಅಂದ್ರು. ಮೂಲ ದಾಖಲೆ ಮೇಲೆ ಒಂದು ಅಕ್ಷರ ತಿದ್ದಿಸೋಕೆ ಯಾರಿಗೂ ಬಿಟ್ಟಿಲ್ಲ, ಕಮಿಟಿ ಸೆಕ್ರೆಟರಿಗಳಿಗೂ ಬಿಟ್ಟಿಲ್ಲ. 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ನಡೆಯೋ ಮದುವೆ ಕಾನೂನಿನ ಪ್ರಕಾರವೇ ಮದುವೆ, ನಮ್ಮ ರಿಜಿಸ್ಟರಿನ ಸಾಲು ಅದಕ್ಕೆ ಸಾಕ್ಷಿ, ಅದರ ಪ್ರತಿ ಸರ್ಕಾರಕ್ಕೂ ಹೋಗುತ್ತೆ. ಅಲ್ಲಿ ಒಂದು ತಾರೀಕು ತಪ್ಪಾದ್ರೆ ನಲವತ್ತು ವರ್ಷ ಆದ್ಮೇಲೆ ಯಾರದೋ ವಿಧವಾ ಪಿಂಚಣಿ ನಿಂತುಹೋಗುತ್ತೆ.

ಸರಿ, ಪ್ರಕರಣಕ್ಕೆ ಬರೋಣ.

ಆಂಟಿಗೆ ಅರವತ್ತು ತುಂಬುತ್ತೆ ಅಂತ ಗೊತ್ತಾಗಿದ್ದೇ ಅವರೇ ಹೇಳಿದ್ಮೇಲೆ. ಒಂದು ಹಾಳೇಲಿ ನಾಲ್ಕು ಸಾಲು, ‘ಇಂಥ ತಿಂಗಳ ಕೊನೇಗೆ ಬಿಡುಗಡೆ ಮಾಡಿಕೊಡಬೇಕಾಗಿ ವಿನಂತಿ’. ಎಂಟು ತಿಂಗಳು ಮುಂಚೇನೇ ಕೊಟ್ಟಿದ್ರು, ನಿಜಕ್ಕೂ ನಮ್ಮ ಅದೃಷ್ಟ. ಮುಂದಿನ ಕಮಿಟಿ ಮೀಟಿಂಗಲ್ಲಿ ವಿಷಯ ಬಂತು, ಅಜೆಂಡಾದಲ್ಲಿ ‘ಇತರೆ’ ಅಡಿ. ಎಲ್ರಿಗೂ ಪ್ರೀತಿ ಇತ್ತು, ಅದರಲ್ಲಿ ಅನುಮಾನ ಇಲ್ಲ. ಒಬ್ರು ಚಿನ್ನದ ಉಂಗುರ ಅಂದ್ರು, ಇನ್ನೊಬ್ರು ಉಂಗುರ ಯಾಕೆ ಒಂದು ಸರ ಕೊಡೋಣ ಅಂದ್ರು, ಮತ್ತೊಬ್ರು ಬಿಷಪ್ಪರನ್ನ ಕರೆಸೋಣ, ಪ್ರೀತಿ ಭೋಜನ ಇಡೋಣ, ಮಟನ್ ಬಿರಿಯಾನಿ, ಎಷ್ಟು ಪ್ಲೇಟು, ಅದೇ ಅಡುಗೆಯವರಾ ಅಂತ ಇಪ್ಪತ್ತು ನಿಮಿಷ ಬಿರಿಯಾನಿ ಮೇಲೇ ಹೋಯ್ತು. ಆಮೇಲೆ ಇನ್ವಿಟೇಷನ್ ಯಾರು ಮಾಡ್ಸೋದು ಅಂತ ಬಂದಾಗ ಹಿರಿಯರೊಬ್ರು ಅಭ್ಯಾಸಬಲದಲ್ಲಿ ‘ಆಂಟಿಗೆ ಹೇಳಿದ್ರೆ ಟೈಪ್ ಮಾಡಿ ಕೊಡ್ತಾರೆ’ ಅಂದುಬಿಟ್ರು. ಎಲ್ರೂ ನಕ್ಕರು. ಆ ನಗು ನಿಲ್ಲೋ ಹೊತ್ತಿಗೆ ಬ್ಯಾಂಕಲ್ಲಿ ರಿಟೈರ್ ಆಗಿದ್ದ ಒಬ್ರು ಅಕ್ಕ, ಮಹಿಳಾ ಅನ್ಯೋನ್ಯ ಕೂಟದಿಂದ (ಚರ್ಚಿನ ಹೆಂಗಸರ ಸಂಘ) ಕಮಿಟಿಗೆ ಬಂದಿದ್ದವರು, ಒಂದೇ ಪ್ರಶ್ನೆ ಕೇಳಿದ್ರು: ‘ಅವರಿಗೆ ಗ್ರಾಚ್ಯುಟಿ ಎಷ್ಟು ಬರುತ್ತೆ?’ ಗ್ರಾಚ್ಯುಟಿ ಅಂದ್ರೆ ಬಹಳ ವರ್ಷ ದುಡಿದು ಬಿಡೋರಿಗೆ ಕೆಲಸ ಕೊಟ್ಟೋರು ಒಟ್ಟಿಗೆ ಕೊಡೋ ಹಣ.

ಖಜಾಂಚಿ ಅಂಕಲ್ ಹೇಳಿದ್ರು, ಅವರದ್ದು ಗೌರವಧನ ಅಲ್ವಾ, ಗ್ರಾಚ್ಯುಟಿ ಹೇಗೆ ಬರುತ್ತೆ. ಪಿ.ಎಫ್.? ಅದೂ ಇಲ್ಲ. ಪೆನ್ಷನ್? ನಗಬೇಡಿ. ಮೂವತ್ತೊಂದು ವರ್ಷ ಆದ್ಮೇಲೆ ಕೈಗೆ ಬರೋದು ಕೊನೇ ತಿಂಗಳ ಹದಿನೆಂಟು ಸಾವಿರ ಮತ್ತೆ ನಾವು ಕೊಡೋ ಉಂಗುರ. ಆ ರಾತ್ರಿ ಮೀಟಿಂಗ್ ಪ್ರಾರ್ಥನೆ ಮಾಡಿ ಬೇಗ ಮುಗಿಸಿದ್ರು, ನಿರ್ಣಯ ಏನೂ ಆಗಲಿಲ್ಲ.

ಮುಂದಿನ ಒಂದು ತಿಂಗಳು ನಡೆದ ವಾದವೇ ಈ ಪ್ರಕರಣದ ಹೂರಣ, ಅದನ್ನ ವಿವರವಾಗಿ ಹೇಳ್ತೀನಿ. ಆಗ ಜಾರಿಯಲ್ಲಿದ್ದಿದ್ದು 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ. ಲೆಕ್ಕ ಸುಲಭ: ಕೊನೇ ತಿಂಗಳ ಮೂಲ ವೇತನ ಪ್ಲಸ್ ತುಟ್ಟಿಭತ್ಯೆ, ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿ, ಎಷ್ಟು ವರ್ಷ ಸರ್ವಿಸ್ಸೋ ಅಷ್ಟರಿಂದ ಮತ್ತೆ ಗುಣಿಸಿ. ಕೊನೇ ವರ್ಷದಲ್ಲಿ ಆರು ತಿಂಗಳು ದಾಟಿದ್ರೆ ಪೂರ್ತಿ ವರ್ಷ ಅಂತ ಲೆಕ್ಕ. ಅಕ್ಕ ಅಲ್ಲೇ ಮೊಬೈಲಲ್ಲಿ ಒತ್ತಿ ತೋರಿಸಿದ್ರು, 18,000ಕ್ಕೆ 31 ವರ್ಷ ಅಂದ್ರೆ 3,21,923 ರೂಪಾಯಿ. ಆದ್ರೆ ಆ ಕಾಯ್ದೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರು ಇರೋ ಕಡೆಗೆ. ಪಿ.ಎಫ್. ಇಪ್ಪತ್ತಕ್ಕೆ. ನಮ್ಮಲ್ಲಿ ನಾಲ್ಕು ಜನ. ಖಜಾಂಚಿ ಅಂಕಲ್‌ದು ಇದೇ ಪಾಯಿಂಟು: ಕಾನೂನು ನಮ್ಮ ಮೇಲೆ ಬರಲ್ಲ, ಇವತ್ತು ಇವರಿಗೆ ಕೊಟ್ರೆ ನಾಳೆ ವಾಚ್‌ಮನ್ನೂ ಕೇಳ್ತಾನೆ, ಕಾಂಪೌಂಡ್ ಗೋಡೆ ಬೀಳೋ ಸ್ಥಿತೀಲಿದೆ, ಸಭೆಯ ದುಡ್ಡು ನಮ್ಮಪ್ಪನ ಮನೇದಾ? ಅವರು ಕೆಟ್ಟವರಲ್ಲ, ಇಪ್ಪತ್ತು ವರ್ಷದಿಂದ ಒಂದು ಪೈಸೆ ಆಚೀಚೆ ಆಗದ ಹಾಗೆ ಲೆಕ್ಕ ಇಟ್ಟಿರೋ ಮನುಷ್ಯ, ಅಂಥವರಿಗೆ ದುಡ್ಡು ಹೊರಗೆ ಹೋಗೋದು ಅಂದ್ರೇನೇ ನೋವು.

ಇಬ್ರು ವಕೀಲರನ್ನ ಕೇಳಿದ್ವಿ. ನಿಮ್ಮ ಚರ್ಚ್ ಒಂದನ್ನೇ ಲೆಕ್ಕಕ್ಕೆ ತಗೋಬೇಕಾ, ಮೇಲಿರೋ ಇಡೀ ಸಂಸ್ಥೇನ ತಗೋಬೇಕಾ ಅನ್ನೋದ್ರಲ್ಲೇ ವಾದ ಹೂಡಬಹುದು ಅಂತ ಒಬ್ರು, ಅಷ್ಟೆಲ್ಲಾ ಹೋಗ್ಬೇಡಿ, ಬರಲ್ಲ ಅಂತ ಇನ್ನೊಬ್ರು. ಗೌರವಧನದ ವಿಷಯದಲ್ಲಿ ಮಾತ್ರ ಇಬ್ರದ್ದೂ ಒಂದೇ ಮಾತು: ಹಾಜರಿ ಪುಸ್ತಕ ಇದೆ, ರಜೆ ಅರ್ಜಿ ಇದೆ, ಹೊತ್ತಿಗೆ ಬರಬೇಕು ಹೊತ್ತಿಗೆ ಹೋಗಬೇಕು, ತಿಂಗಳಾ ತಿಂಗಳಾ ಕೊಡ್ತೀರ, ವೋಚರ್ ಮೇಲೆ ಏನು ಬರೆದ್ರೂ ಅದು ಸಂಬಳಾನೇ.

ಕೊನೆಗೆ ಇದನ್ನ ಬಗೆಹರಿಸಿದ್ದು ಕಾನೂನೂ ಅಲ್ಲ, ಅಯ್ಯನವರು. ಅವರು ಮೀಟಿಂಗಲ್ಲಿ ಬಹಳ ಮಾತಾಡೋರಲ್ಲ. ಅವತ್ತು ಹೇಳಿದ್ದು ಇಷ್ಟೇ, ‘ನನಗೆ ಡಯಾಸಿಸ್‌ನಿಂದ (ಬಿಷಪ್ಪರ ಆಡಳಿತ ವಲಯ) ರಿಟೈರ್‌ಮೆಂಟ್ ಬೆನಿಫಿಟ್ ಇದೆ. ಇದೇ ಆಫೀಸಲ್ಲಿ ನನ್ನ ಎದುರು ಟೇಬಲ್ಲಲ್ಲಿ ಕೂರೋರಿಗೆ ಇಲ್ಲ ಅಂದ್ರೆ ನಾನು ಆ ದಿನ ಪ್ರಸಂಗ (ಆರಾಧನೇಲಿ ಕೊಡೋ ಉಪದೇಶ) ಮಾಡೋದು ಹೇಗೆ ಅಂತ ನೀವೇ ಹೇಳಿ.’ ಖಜಾಂಚಿ ಅಂಕಲ್ ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡಿದ್ರು. ಆಮೇಲೆ ಎಲ್ಲಿಂದ ತರೋದು ಅಂತ ಕೇಳಿದ್ರು. ಅವರು ‘ಎಲ್ಲಿಂದ’ ಅಂತ ಕೇಳಿದ್ರೆ ಒಪ್ಪಿಕೊಂಡ್ರು ಅಂತಾನೇ ಅರ್ಥ, ಇಪ್ಪತ್ತು ವರ್ಷದಿಂದ ಹಾಗೇ.

ಇಲ್ಲಿ ಒಂದು ಒಳ್ಳೇ ತೀರ್ಮಾನ ಆಯ್ತು, ಬೇರೆಯವರು ಗಮನಿಸಬೇಕಾಗಿರೋದು ಇದನ್ನೇ. ಯುವಜನ ಕೂಟದ ಹುಡುಗರು ಬಂದು ಜನರ ಹತ್ರ ಕಲೆಕ್ಷನ್ ಮಾಡಿ ಮೂರು ಲಕ್ಷ ಎತ್ತೋಣ, ಹಮ್ಮಿಣಿ (ಗೌರವಕ್ಕೆ ಕೊಡೋ ಹಣದ ಚೀಲ) ಅಂತ ಕೊಡೋಣ ಅಂದ್ರು. ಬ್ಯಾಂಕ್ ಅಕ್ಕ ಬೇಡವೇ ಬೇಡ ಅಂದ್ರು. ಗ್ರಾಚ್ಯುಟಿ ಅನ್ನೋದು ಸಭೆ ತೀರಿಸಬೇಕಾದ ಸಾಲ, ಅದನ್ನ ಸಭೆ ತನ್ನ ಖಾತೆಯಿಂದ, ಚೆಕ್‌ನಲ್ಲಿ, ನಿರ್ಣಯ ಬರೆದು ಕೊಡಬೇಕು. ಜನ ಪ್ರೀತಿಗೆ ಕೊಡೋ ಹಮ್ಮಿಣಿ ಬೇರೆ, ಅದು ನೂರು ರೂಪಾಯಿ ಆದ್ರೂ ಸರಿ ಲಕ್ಷ ಆದ್ರೂ ಸರಿ. ಎರಡನ್ನೂ ಕಲಸಿಬಿಟ್ರೆ ಏನಾಗುತ್ತೆ ಅಂದ್ರೆ, ಹಕ್ಕಿನ ದುಡ್ಡೇ ದಾನದ ಥರ ಕಾಣುತ್ತೆ, ಅವರು ಜೀವಮಾನ ಪೂರ್ತಿ ಎಲ್ರ ಮುಖ ನೋಡಿ ಥ್ಯಾಂಕ್ಸ್ ಹೇಳ್ಕೊಂಡಿರಬೇಕು. ಈ ಮಾತಿಗೆ ಯಾರೂ ಎದುರು ಹೇಳಲಿಲ್ಲ.

ದುಡ್ಡು ಬಂದಿದ್ದು ಹೀಗೆ: ಹಾಲ್ ಬಾಡಿಗೆಯಿಂದ ಮಾಡಿದ್ದ ಒಂದು ಫಿಕ್ಸೆಡ್ ಡೆಪಾಸಿಟ್ ಮೆಚ್ಯೂರ್ ಆಗೋದಿತ್ತು, ಅರ್ಧಕ್ಕಿಂತ ಜಾಸ್ತಿ ಅಲ್ಲಿಂದ. ಉಳಿದಿದ್ದು ಆ ವರ್ಷದ ಸುಗ್ಗಿ ಹಬ್ಬದ ಹರಾಜಿಂದ. ನಮ್ಮ ಕಡೆ ಸುಗ್ಗಿ ಹಬ್ಬದ ಹರಾಜು ನೋಡಿಲ್ಲದೇ ಇರೋರಿಗೆ ಹೇಳ್ತೀನಿ, ಜನ ಮನೆಯಿಂದ ಬೂದುಗುಂಬಳ, ಬಾಳೆಗೊನೆ, ನಾಟಿ ಕೋಳಿ, ಕೇಕು, ಉಪ್ಪಿನಕಾಯಿ ಎಲ್ಲಾ ತರ್ತಾರೆ, ಇನ್ನೂರು ರೂಪಾಯಿ ಹುಂಜ ಮೂರು ಸಾವಿರಕ್ಕೆ ಕೂಗಿಸಿಕೊಂಡು ಹೋಗುತ್ತೆ, ತಗೊಂಡೋರು ಅದನ್ನೇ ವಾಪಸ್ ಕೊಟ್ಟು ಮತ್ತೆ ಕೂಗಿ ಅಂತಾರೆ, ಆ ಹುಂಜಕ್ಕೆ ಅವತ್ತು ಮೂರು ಜನ ಮಾಲೀಕರು ಆದ್ರು. ಹಣ ಆಂಟಿಗೆ ಹೋಗುತ್ತೆ ಅಂತ ಯಾರೂ ಮೈಕಲ್ಲಿ ಹೇಳಿರಲಿಲ್ಲ, ಸಿಬ್ಬಂದಿ ಕ್ಷೇಮ ನಿಧಿ ಅಂತ ಅಷ್ಟೇ ಹೇಳಿದ್ದು, ಮುಂದೆ ಉಳಿದವರಿಗೂ ಅದೇ ನಿಧಿ. ಹರಾಜಿನ ಲೆಕ್ಕ ಬರ್ಕೊಂಡಿದ್ದು ಆಂಟೀನೇ. ಅವರಿಗೆ ಗೊತ್ತಾಗಿತ್ತಾ ಇಲ್ವಾ, ಅವರೂ ಹೇಳಲಿಲ್ಲ ನಾವೂ ಕೇಳಲಿಲ್ಲ.

ಇನ್ನು ಅವರಿಗೆ ಏನು ಬೇಕು ಅನ್ನೋದು. ವಿಚಿತ್ರ ಅಂದ್ರೆ ಈ ಪ್ರಶ್ನೆ ಕೇಳ್ಬೇಕು ಅಂತ ಹೊಳೆದಿದ್ದು ಮೂರನೇ ತಿಂಗಳಿಗೆ. ಅನ್ಯೋನ್ಯ ಕೂಟದ ಇಬ್ರು ಅವರ ಮನೆಗೆ ಹೋಗಿ ಕಾಫಿ ಕುಡೀತಾ ಕೇಳಿದ್ರು. ಉಂಗುರ ಬೇಡ, ಹಾಕ್ಕೊಳ್ಳಲ್ಲ ಅಂದ್ರು. ಉದ್ದುದ್ದ ಭಾಷಣ ಬೇಡ ಅಂದ್ರು, ‘ನಿಂತ್ಕೊಂಡು ನನ್ನ ಬಗ್ಗೆ ನಾನೇ ಕೇಳಿಸ್ಕೊಳ್ಳೋದು ಶಿಕ್ಷೆ ಕಣಮ್ಮ.’ ಆಮೇಲೆ ಸ್ವಲ್ಪ ಯೋಚನೆ ಮಾಡಿ, ಮೊದಲನೇ ದೀಕ್ಷಾಸ್ನಾನದ ರಿಜಿಸ್ಟರ್‌ನ ನಾನು ಹೋಗೋಕೆ ಮುಂಚೆ ಬೈಂಡ್ ಮಾಡಿಸ್ತೀರಾ ಅಂತ ಕೇಳಿದ್ರಂತೆ. ಅದಕ್ಕೆ ಅವರು ವರ್ಷಾ ವರ್ಷಾ ಬಜೆಟ್ ಕೇಳಿ, ವರ್ಷಾ ವರ್ಷಾ ನಾವು ‘ಮುಂದಿನ ವರ್ಷ ನೋಡೋಣ’ ಅಂದಿದ್ವಿ, ಹಳೇ ಮಿನಿಟ್ಸಲ್ಲಿ ಸಾಲಾಗಿ ಇದೆ.

ರಿಜಿಸ್ಟರಿನ ಸ್ಥಿತಿ ಹೇಗಿತ್ತು ಅಂದ್ರೆ ಪುಟ ತಿರುವಿದ್ರೆ ಅಂಚು ಪುಡಿ ಪುಡಿ. ಹಳೇ ಕಾಲದ ಆ ಕಪ್ಪು ಶಾಯೀಲಿ ಕಬ್ಬಿಣದ ಅಂಶ ಇರುತ್ತೆ, ವರ್ಷಗಳು ಕಳೆದ ಹಾಗೆ ಅಕ್ಷರ ಇರೋ ಕಡೆಯೇ ಕಾಗದ ತಿಂದುಹಾಕುತ್ತೆ, ಕೆಲವು ಕಡೆ ಅಕ್ಷರದ ಆಕಾರದಲ್ಲೇ ತೂತು. ಮಧ್ಯದಲ್ಲಿ ಯಾರೋ ಪುಣ್ಯಾತ್ಮರು ಸೆಲ್ಲೋಟೇಪ್ ಹಾಕಿದ್ರು, ಅದು ಹಳದಿ ಆಗಿ ಅಂಟು ಕಾಗದಕ್ಕೆಲ್ಲಾ ಇಳಿದಿತ್ತು. ಒಬ್ರು ಲ್ಯಾಮಿನೇಷನ್ ಮಾಡಿಸಿ ಅಂತ ಸಲಹೆ ಕೊಟ್ರು, ಅದು ಅದಕ್ಕಿಂತ ದೊಡ್ಡ ಅನಾಹುತ, ಬಿಸಿಗೆ ಒಳಗೇ ಬೆಂದು ಹೋಗುತ್ತೆ, ಮತ್ತೆ ಬಿಡಿಸೋಕೂ ಆಗಲ್ಲ. ಬೆಂಗಳೂರಿನ ಯು.ಟಿ.ಸಿ. (ಯುನೈಟೆಡ್ ಥಿಯಲಾಜಿಕಲ್ ಕಾಲೇಜ್), ಮಂಗಳೂರು ಬಲ್ಮಠದ ಕೆ.ಟಿ.ಸಿ. (ಕರ್ನಾಟಕ ಥಿಯಲಾಜಿಕಲ್ ಕಾಲೇಜ್) ಈ ಥರ ಮಿಷನ್ ಕಾಗದಪತ್ರ ಕಾಪಾಡಿಕೊಂಡಿರೋ ಕಾಲೇಜು ಆರ್ಕೈವ್ಸ್‌ಗಳಿವೆ, ಅಂಥ ಕೆಲಸ ಗೊತ್ತಿರೋರನ್ನ ಕೇಳಿ, ತೆಳ್ಳನೆ ಟಿಶ್ಯೂ ಕಾಗದದಲ್ಲಿ ಹರಿದ ಪುಟ ಕೂಡಿಸಿ, ಮೇಲಿಂದ ಕ್ಯಾಮೆರಾ ಇಟ್ಟು ಪ್ರತಿ ಪುಟದ ಫೋಟೋ ತೆಗೆಸಿ, ಆಮೇಲೆ ಹೊಲಿಗೆ ಬೈಂಡಿಂಗ್ ಮಾಡಿಸಿದ್ವಿ. ಖರ್ಚು ಉಂಗುರಕ್ಕಿಂತ ಸ್ವಲ್ಪ ಜಾಸ್ತೀನೇ ಆಯ್ತು. ವಾಪಸ್ ಬಂದ ದಿನ ಆಂಟಿ ಮೊದಲು ಮಾಡಿದ ಕೆಲಸ ಪುಟ ಎಣಿಸಿದ್ದು. ಒಂದೂ ಕಮ್ಮಿ ಇಲ್ಲ ಅಂತ ಗೊತ್ತಾದ ಮೇಲೇನೇ ಚೆನ್ನಾಗಿದೆ ಅಂದಿದ್ದು.

ಹ್ಯಾಂಡೋವರ್ ಬಗ್ಗೆ. ಹೊಸ ಹುಡುಗೀನ ಮೂರು ತಿಂಗಳು ಮುಂಚೆ ತಗೊಂಡ್ವಿ, ಎರಡು ಸಂಬಳ ಕೊಡಬೇಕಾಯ್ತು, ಖಜಾಂಚಿ ಅಂಕಲ್ ಮುಖ ಮತ್ತೆ ಸಣ್ಣ ಆಯ್ತು, ಆದ್ರೆ ಆ ಮೂರು ತಿಂಗಳು ಇಲ್ದೇ ಇದ್ದಿದ್ರೆ ಆಫೀಸ್ ಮುಳುಗ್ತಿತ್ತು. ಚರ್ಚಿನ ಇಮೇಲಿಗೆ ಓಟಿಪಿ ಬರ್ತಿದ್ದಿದ್ದು ಆಂಟಿ ಮೊಬೈಲಿಗೆ. ಬ್ಯಾಂಕ್ ಮೆಸೇಜ್ ಅಲ್ಲಿಗೇ. ಕರೆಂಟ್ ಬಿಲ್ಲಿನ ಆ್ಯಪೂ ಅಲ್ಲೇ. ಹದಿನೈದು ವರ್ಷದ ಸಭಾ ಪತ್ರಿಕೆ, ಮಿನಿಟ್ಸ್ ಎಲ್ಲಾ ಹಳೇ ನುಡಿ ಫಾಂಟಲ್ಲಿ, ಹೊಸ ಕಂಪ್ಯೂಟರಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಹಾಗೆ ಕಾಣುತ್ತೆ, ಅದನ್ನೆಲ್ಲಾ ಯೂನಿಕೋಡ್‌ಗೆ ಕನ್ವರ್ಟ್ ಮಾಡಬೇಕಾಯ್ತು, ಮಾಡಿದ್ಮೇಲೂ ಅರ್ಕಾವತ್ತು ಒತ್ತಕ್ಷರ ಅಲ್ಲಲ್ಲಿ ಎಡವಟ್ಟು, ಯುವಜನ ಕೂಟದ ಮಕ್ಕಳು ಕೂತು ತಿದ್ದಿದ್ರು.

ಎಲ್ಲಕ್ಕಿಂತ ಕಷ್ಟದ್ದು ಸಮಾಧಿ ಸ್ಥಳ. ಹಳೇ ಭಾಗಕ್ಕೆ ನಕ್ಷೆ ಇರಲಿಲ್ಲ, ಇದ್ದಿದ್ದು ಆಂಟಿ ತಲೇಲಿ. ಯಾರದಾದ್ರೂ ಮನೇಲಿ ಸಾವಾದ್ರೆ ರಾತ್ರಿ ಹನ್ನೊಂದಕ್ಕೆ ಫೋನ್ ಬರೋದು ಇವರಿಗೇ, ‘ಆಂಟಿ, ನಮ್ಮಪ್ಪನ ಪಕ್ಕ ಜಾಗ ಇದೆಯಾ, ಅಜ್ಜಿ ಗುಂಡೀನೇ ಮತ್ತೆ ತೆಗೀಬಹುದಾ?’ ಇವರು ಮಂಪರಲ್ಲೇ, ಆ ಬೇವಿನ ಮರದಿಂದ ಎಡಕ್ಕೆ ಮೂರನೇ ಸಾಲು, ಶಿಲುಬೆ ಮುರಿದಿರೋದು ನಿಮ್ಮ ದೊಡ್ಡಪ್ಪಂದು, ಅದರ ಆಚೇದು ಅಂತ ಹೇಳೋರು. ಹೊಸ ಹುಡುಗಿ, ಗಂಟೆ ಅಣ್ಣ, ಆಂಟಿ ಮೂರೂ ಜನ ಸಂಜೆ ಸಂಜೆ ಹೋಗಿ ಟೇಪ್ ಹಿಡಿದು ಅಳೆದು, ಗ್ರಾಫ್ ಶೀಟ್ ಮೇಲೆ ಒಂದೊಂದೇ ಗುರುತು ಮಾಡಿದ್ರು. ಆ ಶೀಟು ಈಗ ಆಫೀಸ್ ಗೋಡೆ ಮೇಲಿದೆ. ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಸಭೆಗೆ ಸಿಕ್ಕ ದೊಡ್ಡ ಆಸ್ತಿ ಅದು.

ಬೋರ್ಡಿನ ವಿಷಯದಲ್ಲಿ ಸ್ವಲ್ಪ ರಾಜಕೀಯ ಆಯ್ತು, ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಅವರ ಹೆಸರೂ ಬರೆಸೋಣ ಅಂದಾಗ ಒಬ್ರು ಮಾಜಿ ಸೆಕ್ರೆಟರಿ ಅದು ಚುನಾಯಿತರ ಬೋರ್ಡು ಅಂತ ಪಟ್ಟು ಹಿಡಿದ್ರು. ಅಯ್ಯನವರ ಪಟ್ಟಿ, ಸೆಕ್ರೆಟರಿಗಳ ಪಟ್ಟಿ ಪಕ್ಕ ಮೂರನೇ ಪಟ್ಟಿ ‘ಸಿಬ್ಬಂದಿ’ ಅಂತ ಮಾಡಿ, ಇವರಿಗಿಂತ ಮುಂಚೆ ಇದ್ದ ಇಬ್ರು ಗುಮಾಸ್ತರು, ಗಂಟೆ ಹೊಡೀತಿದ್ದವರು ಎಲ್ರ ಹೆಸರೂ ಹುಡುಕಿ ಬರೆಸಿದ್ವಿ. ಹೊಸ ಪಟ್ಟಿ ಬಂದ್ಮೇಲೆ ಅವರ ವಿರೋಧಕ್ಕೆ ಹಿಡಿಯೋಕೆ ಜಾಗ ಸಿಗಲಿಲ್ಲ.

ಕಾರ್ಯಕ್ರಮ ಭಾನುವಾರ ಆರಾಧನೆ ಒಳಗೇ, ಕೊನೇ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ ಅಂತ ಗೊತ್ತು ಮಾಡಿದ್ವಿ. ಅಯ್ಯನವರು ಪ್ರಸಂಗಕ್ಕೆ ತಗೊಂಡಿದ್ದು ಬೈಬಲಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾರನೇ ಅಧ್ಯಾಯ. ಇಂಥ ದಿನಗಳಲ್ಲಿ ಎಲ್ರೂ ಯೇಸು ಮನೆಗೆ ಬಂದಾಗ ಉಪಚಾರದ ಕೆಲಸದಲ್ಲೇ ಮುಳುಗಿದ್ದ ಮಾರ್ಥಳನ್ನ ಎಳ್ಕೊಂಡು ಬರ್ತಾರೆ, ದುಡಿಯೋ ಹೆಂಗಸು ಅಂದ್ರೆ ಮಾರ್ಥ, ಕೇಳಿ ಕೇಳಿ ಸಾಕಾಗಿದೆ. ಇವರು ತೆರ್ತ್ಯನನ್ನ ಹಿಡಿದ್ರು. ಪೌಲ ಹೇಳ್ತಾ ಹೋದ, ಕೂತು ಬರೆದೋನು ತೆರ್ತ್ಯ, ಇಡೀ ಪತ್ರಿಕೇಲಿ ಒಂದೇ ಒಂದು ವಚನದಲ್ಲಿ ಅವನು ತನ್ನ ಹೆಸರು ಹೇಳಿ ವಂದನೆ ಹೇಳ್ತಾನೆ. ಬೈಬಲ್ ಇಷ್ಟು ವರ್ಷ ಓದಿದ್ರೂ ಆ ಹೆಸರು ನಮ್ಮಲ್ಲಿ ಎಷ್ಟೋ ಜನ ಗಮನಿಸಿರಲಿಲ್ಲ. ಪ್ರಸಂಗ ಹನ್ನೆರಡೇ ನಿಮಿಷ, ಅದಕ್ಕೂ ಜನ ಖುಷಿ.

ಮಾತಾಡಿದ್ದು ಮೂರೇ ಜನ: ಗಂಟೆ ಅಣ್ಣ, ಸಂಡೇ ಸ್ಕೂಲಿನ ಒಂದು ಮಗು, ಆಮೇಲೆ ಒಬ್ರು ತಾಯಿ. ಆ ತಾಯಿ ಮಗಳ ಮದುವೆಗೆ ಮುಂಚೆ ಪ್ರಕಟಣೆ ಓದೋ ಹೊತ್ತಲ್ಲಿ ವರನಿಗೆ ಬೇರೆ ಊರಲ್ಲಿ ಆಗಲೇ ಮದುವೆ ಆಗಿದೆ ಅನ್ನೋದನ್ನ ಆಂಟಿ ಆ ಊರಿನ ಚರ್ಚಿಗೆ ಫೋನ್ ಮಾಡಿ ಕಂಡುಹಿಡಿದು, ಯಾರಿಗೂ ಗೊತ್ತಾಗದ ಹಾಗೆ ಬಂದು ಅವರಿಗೆ ಮಾತ್ರ ಹೇಳಿದ್ರಂತೆ. ವಿವರ ಏನೂ ಹೇಳದೆ ‘ನಮ್ಮ ಮನೆ ಮರ್ಯಾದೆ ಕಾಪಾಡಿದ್ರು’ ಅಂದು ಕೂತ್ರು, ಗೊತ್ತಿದ್ದವರಿಗೆ ಗೊತ್ತಾಯ್ತು.

ಎಲ್ಲಾ ಸರಿಹೋಯ್ತು ಅಂತ ಅಂದ್ಕೊಬೇಡಿ. ಹಿಂದಿನ ರಾತ್ರಿ ಗೇಟಿಗೆ ಒಂದು ದೊಡ್ಡ ಫ್ಲೆಕ್ಸ್ ಬಂದು ಕೂತಿತ್ತು (ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷೇಧ, ಅದು ಬೇರೆ ಮಾತು), ಮೇಲೆ ಕಮಿಟಿಯವರ ಮುಖ ಸಾಲಾಗಿ, ಪಕ್ಕದಲ್ಲಿ ಶುಭ ಕೋರುವವರು, ಮಧ್ಯ ಎಲ್ಲೋ ಆಂಟಿ ಪಾಸ್‌ಪೋರ್ಟ್ ಸೈಜಲ್ಲಿ. ಬೆಳಿಗ್ಗೆ ಐದೂವರೆಗೆ ವಾಚ್‌ಮನ್ ಕೈಲಿ ಬಿಚ್ಚಿಸಿದ್ವಿ. ಮೂರೇ ಜನ ಅಂತ ಹೇಳಿದ್ರೂ ನಾಲ್ಕನೆಯವರೊಬ್ರು ಮೈಕ್ ಹಿಡಿದು ತಮ್ಮ ಕಾಲದಲ್ಲಿ ಹಾಕಿಸಿದ ಟೈಲ್ಸ್ ಬಗ್ಗೆ ಮಾತಾಡಿದ್ರು, ಆರ್ಗನಿಸ್ಟ್ ಸಮಯ ನೋಡಿ ಹಾಡಿನ ರಾಗ ಶುರು ಮಾಡಿದ್ದಕ್ಕೆ ಕೂತ್ರು. ಶಾಲು ಕೊನೆಗೂ ಹೊದಿಸಿದ್ರು, ಹಾರಾನೂ ಬಂತು. ಆಂಟಿ ಮೊದಲು ಅದೂ ಬೇಡ ಅಂದಿದ್ರು, ಹೊದಿಸೋದು ಹೊಸ ಹುಡುಗಿ ಮತ್ತೆ ಗಂಟೆ ಅಣ್ಣ ಅಂತ ಗೊತ್ತಾದ ಮೇಲೆ ಒಪ್ಪಿದ್ರು. ಬಿರಿಯಾನಿಗೆ ಉಪ್ಪು ಸ್ವಲ್ಪ ಜಾಸ್ತಿ.

ಹಮ್ಮಿಣಿಗೆ ಒಂದು ಬೀಗ ಹಾಕಿದ ಪೆಟ್ಟಿಗೆ ಇಟ್ಟಿದ್ವಿ, ಹೆಸರಿಲ್ಲದ ಕವರು. ಯಾರೆಷ್ಟು ಕೊಟ್ರು ಅಂತ ಮೈಕಲ್ಲಿ ಓದೋ ಪದ್ಧತಿ ಈ ಸಲ ಬಿಟ್ವಿ, ಅದರಿಂದ ಹತ್ತು ರೂಪಾಯಿ ಹಾಕೋರೂ ನಾಚಿಕೆ ಇಲ್ಲದೆ ಹಾಕಿದ್ರು, ಲಕ್ಷ ದಾಟ್ತು. ಇಲ್ಲೊಂದು ಟ್ಯಾಕ್ಸ್ ವಿಚಾರ ನೆನಪಿಟ್ಕೊಳ್ಳಿ, ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಐವತ್ತು ಸಾವಿರ ಮೀರಿ ಉಡುಗೊರೆ ಹಣ ಬಂದ್ರೆ ಪೂರ್ತಿ ಮೊತ್ತ ಆದಾಯ ಅಂತ ರಿಟರ್ನಲ್ಲಿ ತೋರಿಸಬೇಕು. ಆಂಟಿ ಆದಾಯ ಕಮ್ಮಿ, ಟ್ಯಾಕ್ಸ್ ಬೀಳಲಿಲ್ಲ, ಆದ್ರೂ ರಿಟರ್ನ್ ಹಾಕಿಸಿಕೊಟ್ವಿ.

ಗ್ರಾಚ್ಯುಟಿ ಚೆಕ್ ಅವತ್ತು ಸ್ಟೇಜ್ ಮೇಲೆ ಕೊಡಲಿಲ್ಲ. ಅದಕ್ಕೆ ಮುಂಚಿನ ಶುಕ್ರವಾರಾನೇ ಆಫೀಸಲ್ಲಿ ಖಜಾಂಚಿ ಅಂಕಲ್ ಕೈಯಿಂದ್ಲೇ ಕೊಡಿಸಿದ್ವಿ, ರಸೀದಿಗೆ ಸಹಿ ಹಾಕಿಸಿಕೊಂಡು, ಮಾಮೂಲಿ ಪಾವತಿ ಥರ. ಬ್ಯಾಂಕ್ ಅಕ್ಕ ಅವರನ್ನ ಪೋಸ್ಟ್ ಆಫೀಸಿಗೆ ಕರ್ಕೊಂಡು ಹೋಗಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮೂರು ಲಕ್ಷ ಹಾಕಿಸಿದ್ರು, 8.2 ಪರ್ಸೆಂಟ್ ಬಡ್ಡಿ, ಮೂರು ತಿಂಗಳಿಗೊಮ್ಮೆ 6,150 ರೂಪಾಯಿ ಖಾತೆಗೆ ಬೀಳುತ್ತೆ. ಬದುಕೋಕೆ ಸಾಕಾಗುವಷ್ಟಲ್ಲ. ಮೂವತ್ತು ವರ್ಷ ಮುಂಚೆ ಪಿ.ಎಫ್. ಶುರು ಮಾಡಿದ್ರೆ ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಇಪ್ಪತ್ತು ಜನ ಇಲ್ದೇ ಇದ್ರೂ ಎರಡೂ ಕಡೆಯವರು ಒಪ್ಪಿದ್ರೆ ಸ್ವಇಚ್ಛೆಯಿಂದ ಪಿ.ಎಫ್. ಸೇರೋಕೆ ಕಾನೂನಲ್ಲಿ ದಾರಿ ಇದೆ. ಹೊಸ ಹುಡುಗಿಗೆ ಅದನ್ನ ಮಾಡಿದೀವಿ, ಅಪಾಯಿಂಟ್‌ಮೆಂಟ್ ಲೆಟರಲ್ಲಿ ‘ಸಂಬಳ’ ಅಂತಾನೇ ಬರೆದು.

ರಿಟೈರ್ ಆದ ಮೇಲೆ ಫೋನ್ ನಿಲ್ಲಲಿಲ್ಲ. ಇದು ನಾವು ಯೋಚನೆ ಮಾಡಿಟ್ಟಿದ್ದ ವಿಷಯವೇ, ಮೂರು ತಿಂಗಳು ಯಾರೂ ಅವರಿಗೆ ಆಫೀಸ್ ಕೆಲಸಕ್ಕೆ ಫೋನ್ ಮಾಡಬಾರದು, ಏನಿದ್ರೂ ಹೊಸಬರ ಮೂಲಕ ಅಂತ ಅನೌನ್ಸ್ ಮಾಡಿದ್ವಿ. ಕೇಳಿದವರು ಕೇಳಿದ್ರು. ಅವರು ಎತ್ತಿ ಉತ್ತರ ಕೊಡ್ತಾರೆ, ಅದು ಬೇರೆ ತಲೆನೋವು, ಬೈದ್ರೂ ಬಿಡಲ್ಲ.

ಈಗ ಗಂಟೆ ಅಣ್ಣನ ಸರದಿ, ಇನ್ನೆರಡು ವರ್ಷಕ್ಕೆ ಅರವತ್ತು. ಸೇರಿದ ತಾರೀಕು ಯಾವ ಕಾಗದದಲ್ಲೂ ಇಲ್ಲ, ಅಣ್ಣನ್ನ ಕೇಳಿದ್ರೆ ‘ಆ ದೊಡ್ಡ ಮಳೆ ಬಂದ ವರ್ಷ’ ಅಂತಾರೆ. ಹಳೇ ವೋಚರ್ ಕಟ್ಟುಗಳು ಅಟ್ಟದ ಮೇಲಿವೆ, ಯಾವ ಕಟ್ಟಲ್ಲಿ ಏನಿದೆ ಅಂತ ಗೊತ್ತಿರೋದು ಒಬ್ರಿಗೇ. ಅವರನ್ನ ಕೇಳೋಣ ಅಂತ ಅರ್ಧ ಕಮಿಟಿ, ಕೇಳಬಾರದು ಅಂತ ಇನ್ನರ್ಧ. ಕೇಳೋದಾದ್ರೆ ದಿನಕ್ಕಿಷ್ಟು ಅಂತ ಕೂಲಿ ಕೊಟ್ಟು ಕರೆಸಬೇಕು ಅಂತ ಹೋದ ಮೀಟಿಂಗಲ್ಲಿ ಹೇಳಿದ್ದು ಖಜಾಂಚಿ ಅಂಕಲ್.